ಅಂಗಡಿಯವನು ‘ಜೋಡಿ’ ಅಂತ ಕೊಟ್ಟ ಚಿಟ್ಟೆಮೀನು

ವಾಕಡ್‌ನಿಂದ ನಮ್ಮ ವೀಕ್ಷಕರೊಬ್ಬರು ಬರೆದಿದ್ದಾರೆ: ಮನೆಯಲ್ಲಿ ನಾಲ್ಕು ಅಡಿಯ ಉಪ್ಪುನೀರಿನ ಟ್ಯಾಂಕ್ ಇದೆ, ಅಂಗಡಿಯವನು ಚಿಟ್ಟೆಮೀನಿನ ‘ಪೇರ್’ ಅಂತ ಎರಡು ಕೊಟ್ಟ, ಎರಡನೇ ದಿನದಿಂದ ದೊಡ್ಡದು ಚಿಕ್ಕದನ್ನ ಮೂಲೆಗೆ ತಳ್ಳಿ ಹೊಡೀತಾ ಇದೆ. ‘ಇದು ಗಂಡ ಹೆಂಡ್ತಿ ಜಗಳಾನಾ ಸಾರ್, ಉಂಡು ಮಲಗೋ ತನಕ ಕಾಯ್ಲಾ?’

ಕಾಯ್ಬೇಡಿ. ಅವು ಗಂಡ ಹೆಂಡ್ತಿ ಆಗಿರೋದೇ ಅನುಮಾನ. ಚಿಟ್ಟೆಮೀನಲ್ಲಿ ಗಂಡು ಯಾವುದು ಹೆಣ್ಣು ಯಾವುದು ಅಂತ ಹೊರಗಿನಿಂದ ನೋಡಿ ಹೇಳೋಕೆ ಆಗಲ್ಲ. ಅಂಗಡಿಯ ಭಾಷೆಯಲ್ಲಿ ಜೋಡಿ ಅಂದ್ರೆ ಒಂದೇ ಜಾತಿಯ ಎರಡು ಮೀನು, ಒಂದೇ ಬಿಲ್ಲು. ನಿಜವಾದ ಜೋಡಿ ಅಂದ್ರೆ ಏನು ಅನ್ನೋದು ಗೊತ್ತಾಗಿದ್ದು ಬಹಳ ತಡವಾಗಿ. ಇವತ್ತಿನ ಮಾತು ಅದರ ಕಥೆ.

ಮೊದಲು ನೀರಿನ ಸಮಸ್ಯೆ ಬಗೆಹರಿಯಬೇಕಿತ್ತು. 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಉದ್ಘಾಟಿಸಿದ ಮುಂಬೈನ ತಾರಾಪೋರವಾಲಾ ಮತ್ಸ್ಯಾಲಯವನ್ನ ಕಟ್ಟಿದ್ದು ಮರೀನ್ ಡ್ರೈವ್‌ನಲ್ಲಿ, ಸಮುದ್ರದ ಎದುರಿಗೇ. ಪುಣೆ ಹಾಗಲ್ಲ, ಘಟ್ಟದ ಮೇಲೆ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿ ಸಮುದ್ರವನ್ನ ಡಬ್ಬಿಯಲ್ಲಿ ತರಬೇಕು. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಇದನ್ನ 1854ರಲ್ಲೇ ಯೋಚಿಸಿದ್ದ. ‘ಅಕ್ವೇರಿಯಂ’ ಅನ್ನೋ ಮಾತನ್ನ ಮನೆಮಾತು ಮಾಡಿದ್ದೂ ಅವನ ಪುಸ್ತಕವೇ. ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್, ಈ ನಾಲ್ಕರಿಂದಲೇ ಸಮುದ್ರದ ನೀರು ತಯಾರಿಸೋ ಲೆಕ್ಕ ಕೊಟ್ಟ. ಬೆರೆಸಿ ಬಳಸೋ ‘ಇನ್‌ಸ್ಟಂಟ್ ಓಷನ್’ ಉಪ್ಪು ಮಾರುಕಟ್ಟೆಗೆ ಬಂದಿದ್ದು 1964ರಲ್ಲಿ, ಅಮೆರಿಕದ ಓಹಾಯೋದಿಂದ. ತಮಾಷೆ ನೋಡಿ, ಓಹಾಯೋಗೂ ಸಮುದ್ರ ಇಲ್ಲ. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ 300 ಲೀಟರ್ ಟ್ಯಾಂಕಿಗೆ ಹತ್ತು ಕಿಲೋ ಮೇಲೆ ಉಪ್ಪು ಬೇಕು. ದುಡ್ಡಿದ್ರೆ ಇವತ್ತು ಹಿಂಜವಡಿಯ ಎಂಟನೇ ಮಹಡಿಯಲ್ಲೂ ಸಮುದ್ರ ಕಟ್ಟಬಹುದು.

ನೀರು ಸಿಕ್ಕಿತು, ಮೀನಿನ ಸ್ವಭಾವ ಸಿಗಲಿಲ್ಲ. ಅದಕ್ಕೆ ಯಾರಾದ್ರೂ ಹವಳದ ದಿಬ್ಬದ ಹತ್ತಿರ ನೀರಲ್ಲಿ ಗಂಟೆಗಟ್ಟಲೆ ಕೂತು ನೋಡಬೇಕಿತ್ತು. ಹವಾಯಿಯ ಅರ್ನ್ಸ್ಟ್ ರೀಸ್ ಹಾಗೆ ನೋಡಿ 1975ರಲ್ಲಿ ಪ್ರಕಟಿಸಿದ ಅಧ್ಯಯನ ಇವತ್ತಿಗೂ ಬುನಾದಿ. ಚಿಟ್ಟೆಮೀನುಗಳಲ್ಲಿ ಕೆಲವು ಒಂಟಿ, ಕೆಲವು ಗುಂಪು, ಅನೇಕ ಜಾತಿಗಳು ಜೋಡಿ. ಅದರಲ್ಲೂ ಹವಳ ತಿಂದು ಬದುಕೋ ಜಾತಿಗಳೇ ಗಟ್ಟಿ ಜೋಡಿ ಕಟ್ಟಿ ಒಂದು ಜಾಗಕ್ಕೆ ಅಂಟಿಕೊಳ್ತವೆ. ಕಾರಣ ಪ್ರೀತಿಗಿಂತ ಹೊಟ್ಟೆ. ಹವಳ ಓಡಿಹೋಗಲ್ಲ, ಆದ್ರೆ ಪಕ್ಕದವರು ಬಂದು ತಿಂತಾರೆ, ಕಾಯೋಕೆ ಇಬ್ಬರು ಬೇಕು. 1986ರಲ್ಲಿ ಜರ್ಮನಿಯ ಹ್ಯಾನ್ಸ್ ಫ್ರಿಕೆ, ಜೊತೆಯಾಗಿ ಈಜೋದೇ ‘ಈ ಜಾಗ ನಮ್ಮದು’ ಅಂತ ಸಾರೋ ರೀತಿ ಅಂದ. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಮ್ಮ ವಾಕಡ್ ಪ್ರಶ್ನೆಗೆ ನೇರ ಉತ್ತರದ ಹಾಗಿದೆ: ಹಳೇ ಜೋಡಿಗಳಲ್ಲಿ ಪರಸ್ಪರ ಕಿತ್ತಾಟ ಕಡಿಮೆ, ಹೊಟ್ಟೆಗೆ ಸಿಗೋದು ಜಾಸ್ತಿ. ಹೊಸ ಸಂಗಾತಿ ಆದ್ರೆ ಜಗಳ ಜಾಸ್ತಿ.

ಈಗ ಸಿಕ್ಕು ಎಲ್ಲಿ ಬೀಳುತ್ತೆ ಗೊತ್ತಾ? ಗಟ್ಟಿ ಜೋಡಿ ಕಟ್ಟೋ ಮೀನಿಗೆ ಜೀವಂತ ಹವಳವೇ ಊಟ. ನಮ್ಮ ದೇಶದಲ್ಲಿ 2001ರಿಂದ ದಿಬ್ಬ ಕಟ್ಟೋ ಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಯ ಜೊತೆಗೆ. ಕಿತ್ತು ತರೋ ಹಾಗಿಲ್ಲ. ಹಾಗಾಗಿ ಟ್ರೈಫ್ಯಾಸಿಯೇಟಸ್‌ನಂಥ ಹವಳಭಕ್ಷಕನನ್ನ ಮನೆಗೆ ತಂದ್ರೆ, ಎಷ್ಟೇ ಚೆಂದದ ಜೋಡಿ ಆಗಿರಲಿ, ಕಣ್ಣೆದುರೇ ಉಪವಾಸ ಬಿದ್ದು ಸಾಯುತ್ತೆ. ಇದನ್ನ ಮಾರೋದೇ ತಪ್ಪು ಅನ್ನೋದು ನನ್ನ ಅಭಿಪ್ರಾಯ.

ಸಾಕಿ ಬೆಳೆಸಿದ ಮರಿ ತರಬಹುದಲ್ವಾ ಅಂತೀರಿ. ಕ್ಲೌನ್ ಮೀನಿಗೆ ಅದು ಸಾಧ್ಯ ಆಯ್ತು, ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೇ ಮಾಡಿದ್ದಾರೆ. ಅದು ಮೊಟ್ಟೆಯನ್ನ ಕಲ್ಲಿಗೆ ಅಂಟಿಸಿ ಕಾಯುತ್ತೆ. ಚಿಟ್ಟೆಮೀನು ಮೊಟ್ಟೆಯನ್ನ ನೀರಿಗೆ ತೇಲಿಬಿಡುತ್ತೆ. ಅದರ ಮರಿಗೆ ತಲೆ ಮೇಲೆ ಮೂಳೆಯ ಕವಚ. ಎಷ್ಟು ವಿಚಿತ್ರ ಅಂದ್ರೆ ಬ್ರಿಟಿಷ್ ಮ್ಯೂಸಿಯಂನ ಆಲ್ಬರ್ಟ್ ಗುಂಥರ್ ಅಂಥ ಪಂಡಿತನೇ ಅದನ್ನ ಬೇರೆ ಮೀನು ಅಂದುಕೊಂಡು ‘ಥಾಲಿಕ್ತಿಸ್’ ಅಂತ ಹೆಸರಿಟ್ಟಿದ್ದ. ಆದ್ದರಿಂದ ಅಂಗಡಿಯ ಚಿಟ್ಟೆಮೀನು ಹೆಚ್ಚುಕಡಿಮೆ ಎಲ್ಲಾ ಸಮುದ್ರದಿಂದ ಹಿಡಿದದ್ದೇ. ಬಲೆಗೆ ಒಂದು ಸಿಕ್ಕಿ ಇನ್ನೊಂದು ತಪ್ಪಿಸಿಕೊಂಡ್ರೆ ಹಳೇ ಜೋಡಿ ಅಲ್ಲಿಗೆ ಮುಗೀತು. ಎಲ್ಲೆಲ್ಲಿಂದಲೋ ಬಂದ ಎರಡು ಒಂಟಿಗಳು ಪುಣೆಯ ಗಾಜಿನ ಪೆಟ್ಟಿಗೆಯಲ್ಲಿ ಮೊದಲ ಸಲ ಮುಖ ನೋಡ್ತವೆ.

ವಾಕಡ್‌ನವರಿಗೆ: ಚಿಕ್ಕದನ್ನ ಇವತ್ತೇ ಬೇರೆ ಮಾಡಿ. ಟ್ಯಾಂಕಿನ ನಡುವೆ ತೂತಿರೋ ಪಾರದರ್ಶಕ ಅಕ್ರಿಲಿಕ್ ಹಾಳೆ ಇಟ್ರೆ ಒಂದನ್ನೊಂದು ನೋಡ್ತವೆ, ಕಚ್ಚೋಕಾಗಲ್ಲ. ಎರಡೂ ಚೆನ್ನಾಗಿ ತಿನ್ನೋಕೆ ಶುರು ಮಾಡಿ, ಹಾಳೆಯ ಎರಡು ಬದಿಯಲ್ಲಿ ಸುಮ್ಮನೆ ಅಕ್ಕಪಕ್ಕ ನಿಲ್ಲೋ ಹಾಗಾದ್ರೆ ಮಾತ್ರ ತೆಗೆದು ನೋಡಿ, ಅದೂ ನೀವು ಮನೆಯಲ್ಲಿರೋ ದಿನ. ಆಗಲೂ ಹೊಡೆದಾಡಿದ್ರೆ ಒಂದನ್ನ ವಾಪಸ್ ಕೊಡಿ, ಒಂಟಿಯಾಗಿ ಇಡೋದು ಪಾಪ ಏನಲ್ಲ. ಮುಂದೆ ಯಾವಾಗಾದ್ರೂ ತರೋರು ಆರಿಗಾ ಅಥವಾ ಕೆಂಪುಬಾಲದ ಕೊಲಾರೆಯಂಥ, ಹವಳ ಬಿಟ್ಟು ಬೇರೆಯದನ್ನೂ ತಿನ್ನೋ ಜಾತಿ ನೋಡಿ. ಅಂಗಡಿಯ ತೊಟ್ಟಿಯಲ್ಲೇ ಒಟ್ಟಿಗೆ ಈಜೋ ಎರಡನ್ನ ಆರಿಸಿ. ಎರಡೂ ತಿನ್ನೋದನ್ನ ಕಣ್ಣಾರೆ ನೋಡಿ, ಒಂದೇ ದಿನ ಟ್ಯಾಂಕಿಗೆ ಬಿಡಿ. ನಾಲ್ಕು ಅಡಿ ಸಾಲಲ್ಲ, ಆರು ಅಡಿ ಇರಲಿ.

ಅಂದಹಾಗೆ, ಗುರುವಾರ ಬೆಳಗ್ಗೆ ರಿಪೇರಿಗೆ ಅಂತ ಕರೆಂಟ್ ತೆಗೆಯೋ ಏರಿಯಾದಲ್ಲಿದ್ರೆ, ಬ್ಯಾಟರಿ ಏರ್ ಪಂಪ್ ಒಂದನ್ನ ಬುಧವಾರ ರಾತ್ರಿಯೇ ಚಾರ್ಜಿಗೆ ಹಾಕಿಡಿ.