ಹೊಸೂರಿನ ಗಡಿಯಾರ ಮತ್ತು ಆಭರಣ ವಿನ್ಯಾಸ

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಹೊಸೂರು ಪಟ್ಟಣದಲ್ಲಿ, ಟೈಟಾನ್ ಸಂಸ್ಥೆಯ ಕಾರ್ಖಾನೆಗಳನ್ನೂ ವಿನ್ಯಾಸ ವಿಭಾಗವನ್ನೂ ಆಶ್ರಯಿಸಿ, 1980ರ ದಶಕದ ಉತ್ತರಾರ್ಧದಿಂದ ಇಂದಿನವರೆಗೆ ಬೆಳೆದು ಬಂದಿರುವ ಶಿಲ್ಪಪರಂಪರೆ. ಕೈಗಡಿಯಾರವೆಂಬುದು ಹೊತ್ತು ತಿಳಿಸುವ ಯಂತ್ರವೆಂದಷ್ಟೇ ಭಾವಿಸುತ್ತಿದ್ದ ಭಾರತೀಯ ಗೃಹಸ್ಥನು ಅದನ್ನು ಅಲಂಕಾರವಸ್ತುವೆಂದೂ, ಮದುವೆ ಹುಟ್ಟುಹಬ್ಬಗಳಿಗೆ ಒಪ್ಪುವ ಉಡುಗೊರೆಯೆಂದೂ ಕಾಣತೊಡಗಿದುದಕ್ಕೆ ಈ ಪರಂಪರೆಯೇ ಬಹುಮಟ್ಟಿಗೆ ಕಾರಣವಾಯಿತು. ಚಲನಚಿತ್ರ, ಜಾಹೀರಾತು, ಕ್ರೀಡೋತ್ಸವ ಮೊದಲಾದ ಜನಪ್ರಿಯ ಸಂಸ್ಕೃತಿಯ ಕ್ಷೇತ್ರಗಳಲ್ಲಿಯೂ ಇದರ ಮುದ್ರೆಯನ್ನು ಕಾಣಬಹುದು.

ಸ್ಥಳವಿಶೇಷ: ಬೆಂಗಳೂರಿನಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿ, ಅದೇ ಪ್ರಸ್ಥಭೂಮಿಯ ಅಂಚಿನಲ್ಲಿರುವ ಹೊಸೂರು, ಹವೆಯಲ್ಲಿಯೂ ನುಡಿಯಲ್ಲಿಯೂ ಕನ್ನಡನಾಡಿನ ನೆರೆಯನ್ನು ಎಂದೂ ಬಿಟ್ಟುದಲ್ಲ. ಕನ್ನಡ, ತೆಲುಗು, ತಮಿಳು ಮೂರೂ ಬೀದಿಯ ಭಾಷೆಗಳಾಗಿರುವ ಈ ಸೀಮೆಯಲ್ಲಿ, ತಳಿ ಮತ್ತು ಡೆಂಕಣಿಕೋಟೆಗಳ ಕಡೆಯ ಹಳ್ಳಿಗಳವರೆಗೂ ಕನ್ನಡ ಮಾತನಾಡುವ ಮನೆಗಳುಂಟು. ಟಿಪ್ಪುಸುಲ್ತಾನನ ಪತನಾನಂತರ ಇಂಗ್ಲಿಷರ ವಶಕ್ಕೆ ಹೋದ ಈ ಪ್ರದೇಶವು ಬಹುಕಾಲ ಸೇಲಂ ಜಿಲ್ಲೆಯಲ್ಲಿಯೂ, 1965ರಿಂದ ಧರ್ಮಪುರಿ ಜಿಲ್ಲೆಯಲ್ಲಿಯೂ ಇದ್ದು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. 1970ರ ದಶಕದಲ್ಲಿ ತಮಿಳುನಾಡು ಸರ್ಕಾರವು ಇಲ್ಲಿ ಸಿಪ್‌ಕಾಟ್ ಕೈಗಾರಿಕಾ ವಸಾಹತನ್ನು ತೆರೆದಾಗ ಅದರ ಮುಖ್ಯ ಆಕರ್ಷಣೆಯಾಗಿದ್ದುದು ಬೆಂಗಳೂರಿನ ಸಾಮೀಪ್ಯವೇ. ಆ ನಗರದ ಯಂತ್ರಕುಶಲರೂ ಹಳ್ಳಿಗಾಡಿನ ಕೈಗೆಲಸದವರೂ ಒಂದೇ ಸೂರಿನಡಿ ಸೇರುವ ಅವಕಾಶ ಇದರಿಂದ ಒದಗಿತು.

ಪೂರ್ವೇತಿಹಾಸ: ಸ್ವತಂತ್ರ ಭಾರತದಲ್ಲಿ ಕೈಗಡಿಯಾರದ ತಯಾರಿಕೆಯನ್ನು ನೆಲೆಗೊಳಿಸಿದ ಕೀರ್ತಿ ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆಗೆ ಸಲ್ಲತಕ್ಕದ್ದು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಆರಂಭವಾದ ಅದರ ಗಡಿಯಾರಗಳು, ಅವುಗಳಲ್ಲಿಯೂ ಜನತಾ, ಪೈಲಟ್, ಕಾಂಚನ ಮುಂತಾದವು, ಒಂದು ತಲೆಮಾರಿನ ಸಮಸ್ತ ವಿದ್ಯಾವಂತರ ಮಣಿಕಟ್ಟನ್ನು ಅಲಂಕರಿಸಿದ್ದವು. ಪ್ರತಿದಿನ ಕೀ ಕೊಡಬೇಕಾದ ಜನತಾದಂತಹ ಗಡಿಯಾರಗಳ ಬಿಳಿಯ ಡಯಲು, ನೇರವಾದ ಮುಳ್ಳುಗಳು, ಆಡಂಬರವಿಲ್ಲದ ಅಂಕಿಗಳು ಇವುಗಳಲ್ಲಿ ಒಂದು ಬಗೆಯ ಸಾತ್ತ್ವಿಕ ಸೌಂದರ್ಯವಿದ್ದಿತೆಂಬುದನ್ನು ಇಂದಿನ ಸಂಗ್ರಾಹಕರು ಮತ್ತೆ ಮನಗಂಡಿದ್ದಾರೆ. ಆದರೆ ಬೇಡಿಕೆಗೆ ತಕ್ಕಷ್ಟು ಸರಕು ಒದಗದೆ ಜನ ಕಾದು ಕೊಳ್ಳುತ್ತಿದ್ದ ಆ ಕಾಲದಲ್ಲಿ, ಕೊಳ್ಳುವವನ ಅಭಿರುಚಿಯನ್ನು ವಿಚಾರಿಸುವ ಅಗತ್ಯ ತಯಾರಕನಿಗೆ ತೋರದೆ ಹೋದುದು ಸಹಜವಾಗಿಯೇ ಇದ್ದಿತು.

ಸ್ಥಾಪನೆ: ಟಾಟಾ ಸಮೂಹವೂ ತಮಿಳುನಾಡು ಕೈಗಾರಿಕಾಭಿವೃದ್ಧಿ ನಿಗಮವೂ ಕೂಡಿ 1984ರಲ್ಲಿ ಟೈಟಾನ್ ವಾಚಸ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದುವು. ಇದರ ಪ್ರಥಮ ವ್ಯವಸ್ಥಾಪಕ ನಿರ್ದೇಶಕರಾಗಿ, 2002ರವರೆಗೂ ಅದನ್ನು ನಡೆಸಿದ ಝರ್ಕ್ಸಿಸ್ ದೇಸಾಯಿಯವರು ರೂಪದ ವಿಷಯದಲ್ಲಿ ಅತ್ಯಂತ ಸೂಕ್ಷ್ಮವಾದ ದೃಷ್ಟಿಯುಳ್ಳವರಾಗಿದ್ದರು. ಡಯಲಿನ ಬಣ್ಣ, ಅಂಗಡಿಯ ದೀಪ, ಜಾಹೀರಾತಿನ ಅಕ್ಷರ ಎಲ್ಲವೂ ಒಂದೇ ಮನಸ್ಸಿನಿಂದ ಹೊರಟವುಗಳಂತೆ ಕಾಣಬೇಕೆಂಬ ಅವರ ಹಟವು, ಲೆಕ್ಕಪತ್ರಗಳಲ್ಲಿ ಕಾಣಿಸದಿದ್ದರೂ, ಆ ಸಂಸ್ಥೆಯ ನಿಜವಾದ ಮೂಲಧನವಾಗಿತ್ತೆಂದೇ ಹೇಳಬೇಕು. ಕೆಲಸಗಾರರ ವಸತಿಗಾಗಿ ಮತ್ತಿಗಿರಿಯ ಬಳಿ ಕಟ್ಟಿದ ಬಡಾವಣೆಯ ನಕ್ಷೆಯನ್ನು ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರಿಂದ ಮಾಡಿಸಿದುದೂ ಈ ದೃಷ್ಟಿಯ ಫಲವೇ. ದೇಸಾಯಿಯವರು 2016ರಲ್ಲಿ ನಿಧನರಾದರು.

ಟೈಟಾನ್ ಆರಂಭದಿಂದಲೇ ಕ್ವಾರ್ಟ್ಸ್ ಯಂತ್ರವನ್ನು ಆರಿಸಿಕೊಂಡುದು ವಿನ್ಯಾಸದ ದೃಷ್ಟಿಯಿಂದ ನಿರ್ಣಾಯಕವಾಯಿತು. ಕ್ವಾರ್ಟ್ಸ್ ಗಡಿಯಾರದಲ್ಲಿ ಬ್ಯಾಟರಿಯ ವಿದ್ಯುತ್ತಿನಿಂದ ಸ್ಫಟಿಕದ ಸಣ್ಣ ತುಣುಕೊಂದು ಸೆಕೆಂಡಿಗೆ 32,768 ಸಲ ಕಂಪಿಸುವುದು. ಆ ಕಂಪನಗಳನ್ನು ಎಣಿಸುವ ವಿದ್ಯುನ್ಮಂಡಲವು ಸೆಕೆಂಡಿಗೊಮ್ಮೆ ಪುಟ್ಟ ಮೋಟಾರಿಗೆ ಅಪ್ಪಣೆ ಕೊಡಲು, ಅದು ಮುಳ್ಳನ್ನು ಒಂದು ಹೆಜ್ಜೆ ಮುಂದೊತ್ತುವುದು. ಸ್ಪ್ರಿಂಗು, ತೂಗುಚಕ್ರಗಳ ಗೊಡವೆ ಇಲ್ಲದ ಈ ಯಂತ್ರವು ಕಡಮೆ ಸ್ಥಳದಲ್ಲಿ ಅಡಗುವುದರಿಂದ, ಕವಚದ ಆಕಾರವನ್ನು ಚಚ್ಚೌಕವಾಗಿಯೋ, ಅಂಡಾಕಾರವಾಗಿಯೋ, ಬಳೆಯಂತೆ ಕಿರಿದಾಗಿಯೋ ತೀಡುವ ಸ್ವಾತಂತ್ರ್ಯ ವಿನ್ಯಾಸಕನಿಗೆ ದೊರೆಯಿತು. ಸ್ತ್ರೀಯರಿಗಾಗಿ ಮುಂದೆ ರೂಪುಗೊಂಡ 'ರಾಗ' ಮಾಲಿಕೆಯು ಈ ಸ್ವಾತಂತ್ರ್ಯದ ಸೊಗಸಾದ ಉಪಯೋಗವಾಗಿದ್ದು, ಅದರಲ್ಲಿ ಗಡಿಯಾರವು ಕೈಬಳೆಯೊಡನೆ ಸ್ಪರ್ಧಿಸದೆ ಅದರ ಕುಟುಂಬಕ್ಕೆ ಸೇರಿಕೊಂಡಿದೆ.

ಮಾರಾಟದ ರೀತಿಯಲ್ಲಿಯೂ ಹೊಸತನವಿದ್ದಿತು. ಮೊದಲ ಮಳಿಗೆಯು ಬೆಂಗಳೂರಿನ ಸಫೀನಾ ಪ್ಲಾಜಾದಲ್ಲಿ 1987ರಲ್ಲಿ ತೆರೆಯಿತು. ಗಾಜಿನ ಪೆಟ್ಟಿಗೆಯ ಕತ್ತಲೆಯಲ್ಲಿ ಒತ್ತೊತ್ತಾಗಿ ಬಿದ್ದಿರುತ್ತಿದ್ದ ಗಡಿಯಾರಗಳನ್ನು ಬೆಳಕಿನಲ್ಲಿ ಒಂದೊಂದನ್ನೂ ಬಿಡಿಯಾಗಿ ನಿಲ್ಲಿಸಿ ತೋರಿಸುವ ಪದ್ಧತಿಗೆ ಗ್ರಾಹಕರು ಮಾರುಹೋದರು. ದೂರದರ್ಶನದ ಜಾಹೀರಾತಿಗೆ ಮೊಜಾರ್ಟನ 25ನೆಯ ಸಿಂಫನಿಯ ಧಾಟಿಯನ್ನು ಆರಿಸಿದವರು ಓಗಿಲ್ವಿ ಸಂಸ್ಥೆಯ ಸುರೇಶ್ ಮಲ್ಲಿಕ್. 1773ರಲ್ಲಿ ಸಾಲ್ಸ್‌ಬರ್ಗಿನಲ್ಲಿ ಹದಿಹರೆಯದ ಬಾಲಕನೊಬ್ಬನು ರಚಿಸಿದ ಸಂಗೀತವು, ಎರಡು ಶತಮಾನಗಳ ಮೇಲೆ, ಅವನ ಹೆಸರನ್ನೇ ಕೇಳಿರದ ಕೋಟ್ಯಂತರ ಭಾರತೀಯರಿಗೆ ಹೊಸೂರಿನ ಗಡಿಯಾರದ ರಾಗವೆಂದು ಪರಿಚಿತವಾದುದು ಜನಪ್ರಿಯ ಸಂಸ್ಕೃತಿಯ ವಿಲಕ್ಷಣವೂ ಸಂತೋಷಕರವೂ ಆದ ಸಂಗತಿಗಳಲ್ಲೊಂದು.

ಎಡ್ಜ್: ಹೊಸೂರಿನ ಕೃತಿಗಳಲ್ಲೆಲ್ಲ ಅತ್ಯುತ್ತಮವಾದುದನ್ನು ಹೆಸರಿಸಬೇಕಾದರೆ, 2002ರಲ್ಲಿ ಹೊರಬಂದ 'ಎಡ್ಜ್' ಗಡಿಯಾರವನ್ನೇ ಹೆಸರಿಸಬೇಕಾಗುತ್ತದೆ. ಇದರ ಒಟ್ಟು ದಪ್ಪ 3.5 ಮಿಲಿಮೀಟರು, ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರು ಮಾತ್ರ. ತೆಳುವಾದ ಗಡಿಯಾರದ ಆಸೆ ಯೂರೋಪಿಗೆ ಹೊಸತಲ್ಲ: 1979ರಲ್ಲಿಯೇ ಸ್ವಿಟ್ಜರ್ಲೆಂಡಿನ ಕುಶಲಿಗಳು ಕವಚದ ಹಿಂಬದಿಯನ್ನೇ ಯಂತ್ರದ ಅಡಿಫಲಕವನ್ನಾಗಿ ಮಾಡಿ, 2 ಮಿಲಿಮೀಟರಿಗೂ ಕಡಮೆ ದಪ್ಪದ 'ಡೆಲಿರಿಯಂ' ಎಂಬುದನ್ನು ನಿರ್ಮಿಸಿದ್ದರು. ಹೊಸೂರಿನವರ ಗುರಿ ಬೇರೆಯಾಗಿದ್ದಿತು. ನೀರು ಒಳಸೇರದ, ನಿತ್ಯ ಧರಿಸಬಹುದಾದ, ಮಧ್ಯಮವರ್ಗದವನ ಕೈಗೆಟುಕುವ ಬೆಲೆಯ ಗಡಿಯಾರದಲ್ಲಿ ಆ ತೆಳುವನ್ನು ಸಾಧಿಸಬೇಕೆಂಬುದು ಅವರ ಸಂಕಲ್ಪ. ನೀರನ್ನು ತಡೆಯಬೇಕಾದರೆ ಗಾಜೂ ಹಿಂಬದಿಯ ಮುಚ್ಚಳವೂ ಒತ್ತಡವನ್ನು ತಾಳುವಷ್ಟು ಗಟ್ಟಿಯಾಗಿರಬೇಕು, ಗಟ್ಟಿಯಾದರೆ ದಪ್ಪವಾಗುವುದು, ತೆಳುವಾದರೆ ಬಾಗಿ ಮುಳ್ಳನ್ನು ತಾಕುವುದು. ಈ ಸಂಕಟದ ನಡುವೆ ಬ್ಯಾಟರಿ, ಸುರುಳಿ, ಚಕ್ರ, ಮುಳ್ಳು ಪ್ರತಿಯೊಂದನ್ನೂ ಕೂದಲೆಳೆಯ ಅಳತೆಯಲ್ಲಿ ಮತ್ತೆ ಮತ್ತೆ ಯೋಚಿಸಿ, ಹಲವು ವರ್ಷಗಳ ಪ್ರಯತ್ನದ ಫಲವಾಗಿ ಇಲ್ಲಿಯ ಎಂಜಿನಿಯರುಗಳು ಅದನ್ನು ಸಾಧಿಸಿದರು. ಎಡ್ಜ್ ಗಡಿಯಾರದ ಮುಖದ ಮೇಲೆ ಹೇಳಿಕೊಳ್ಳುವಂತಹ ಅಲಂಕಾರವಾವುದೂ ಇಲ್ಲ. ತೆಗೆದುಹಾಕುತ್ತ ಹೋದಂತೆ ಉಳಿದುದೇ ಅದರ ಚೆಲುವು. ಎಂಜಿನಿಯರನೂ ವಿನ್ಯಾಸಕನೂ ಇಲ್ಲಿ ಒಬ್ಬನೇ ವ್ಯಕ್ತಿಯಾಗಿರುವಂತೆ ತೋರುತ್ತದೆ. ಎಚ್.ಎಂ.ಟಿ.ಯ ಹಳೆಯ ಡಯಲುಗಳ ಸಂಯಮವು ಇನ್ನೊಂದು ಯಂತ್ರಯುಗದಲ್ಲಿ ಪುನರ್ಜನ್ಮ ಪಡೆದುದು ಹೀಗೆ.

ತರುಣರಿಗಾಗಿ 1998ರಲ್ಲಿ ಮೊದಲಾದ 'ಫಾಸ್ಟ್‌ಟ್ರ್ಯಾಕ್', ಅಗ್ಗದ ಬೆಲೆಯ 'ಸೊನಾಟಾ', ಚಿನ್ನದ ಕವಚದ 'ನೆಬ್ಯುಲಾ' ಇವು ಇತರ ಮಾಲಿಕೆಗಳು. ಇವುಗಳಲ್ಲಿ ಫಾಸ್ಟ್‌ಟ್ರ್ಯಾಕ್ ಕಾಲೇಜು ವಿದ್ಯಾರ್ಥಿಗಳ ಉಡುಗೆಯ ಭಾಷೆಯನ್ನೇ ಅನುಸರಿಸಿ, ಕಾಲಾನುಕ್ರಮದಲ್ಲಿ ತಂಪು ಕನ್ನಡಕ, ಚೀಲಗಳವರೆಗೆ ಹಬ್ಬಿತು.

ಆಭರಣ: 1990ರ ದಶಕದ ಮಧ್ಯಭಾಗದಲ್ಲಿ ಹೊಸೂರಿನಲ್ಲಿಯೇ ಆಭರಣದ ಕಾರ್ಖಾನೆಯನ್ನು ಕಟ್ಟಿ, 'ತನಿಷ್ಕ್' ಎಂಬ ಹೆಸರಿನಿಂದ ಸಂಸ್ಥೆಯು ಆ ವ್ಯಾಪಾರಕ್ಕೂ ಕಾಲಿಟ್ಟಿತು, ಮೊದಲ ಮಳಿಗೆ 1996ರಲ್ಲಿ ಮದರಾಸಿನಲ್ಲಿ ತೆರೆಯಿತು. ಆರಂಭದ ಒಡವೆಗಳು 18 ಕ್ಯಾರೆಟ್ ಚಿನ್ನದಲ್ಲಿ ಹರಳು ಕೂರಿಸಿದ, ಪಾಶ್ಚಾತ್ಯ ರುಚಿಯ, ಹಗುರವಾದ ವಸ್ತುಗಳಾಗಿದ್ದುವು. ನೋಡಲು ಅವು ಚೆನ್ನಾಗಿದ್ದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಭಾರತೀಯ ಗೃಹಿಣಿಗೆ ಒಡವೆಯು ಅಲಂಕಾರವಾಗಿರುವಂತೆಯೇ ಆಪದ್ಧನವೂ, ಮಗಳಿಗೆ ಕೊಡಬೇಕಾದ ಸ್ತ್ರೀಧನವೂ ಆಗಿರುವುದರಿಂದ, 22 ಕ್ಯಾರೆಟ್ಟಿಗಿಂತ ಕಡಮೆಯಲ್ಲದ ಚಿನ್ನವನ್ನೇ ಅವಳು ಅಪೇಕ್ಷಿಸಿದಳು. ನಷ್ಟದ ಕೆಲವು ವರ್ಷಗಳ ಅನಂತರ ತನಿಷ್ಕ್ ತನ್ನ ದಾರಿಯನ್ನು ತಿದ್ದಿಕೊಂಡು 22 ಕ್ಯಾರೆಟ್ಟಿಗೂ, ಕುಂದಣ ಮುಂತಾದ ದೇಶೀಯ ಪದ್ಧತಿಗಳಿಗೂ, ಪ್ರಾಂತಪ್ರಾಂತಗಳ ಮದುವೆಯ ಒಡವೆಗಳಿಗೂ ತಿರುಗಿತು. ಎಕ್ಸ್-ಕಿರಣಗಳ ಸಹಾಯದಿಂದ, ಒಡವೆಯನ್ನು ಕರಗಿಸದೆ ಉಜ್ಜದೆ, ಚಿನ್ನದ ಶುದ್ಧಿಯನ್ನು ಗ್ರಾಹಕನ ಎದುರಿನಲ್ಲಿಯೇ ಅಳೆದು ತೋರಿಸುವ ಕ್ಯಾರೆಟ್‌ಮೀಟರನ್ನು ಮಳಿಗೆಗಳಲ್ಲಿ ಇಟ್ಟುದು ಅಕ್ಕಸಾಲಿಗನ ಒರೆಗಲ್ಲಿಗೆ ಹೊಸಯುಗದ ಉತ್ತರವಾಯಿತು. ಪ್ರೇರಣೆಯನ್ನು ದೂರದಿಂದ ತಂದಾಗ ಸೋತ ಕೈಗಳೇ, ಅದನ್ನು ಮನೆಯ ಪೆಟ್ಟಿಗೆಯಿಂದ ತೆಗೆದುಕೊಂಡಾಗ ಗೆದ್ದುವೆಂಬುದು ಈ ವೃತ್ತಾಂತದಲ್ಲಿ ವಿನ್ಯಾಸದ ವಿದ್ಯಾರ್ಥಿಯು ಅವಶ್ಯವಾಗಿ ಗಮನಿಸಬೇಕಾದ ಅಂಶ.

ಚಲನಚಿತ್ರಗಳು ಈ ತಿರುವಿಗೆ ರಂಗಸ್ಥಳವನ್ನೊದಗಿಸಿದುವು. 'ಪಹೇಲಿ' (2005), ಅಶುತೋಷ್ ಗೋವಾರಿಕರರ 'ಜೋಧಾ ಅಕ್ಬರ್' (2008), ಸಂಜಯ್ ಲೀಲಾ ಭನ್ಸಾಲಿಯವರ 'ಪದ್ಮಾವತ್' (2018) ಈ ಚಿತ್ರಗಳ ಆಭರಣಗಳನ್ನು ತನಿಷ್ಕ್ ಸಿದ್ಧಪಡಿಸಿತು. ಅವುಗಳಲ್ಲಿ ಜೋಧಾ ಅಕ್ಬರ್ ವಿಶೇಷವಾಗಿ ಉಲ್ಲೇಖಾರ್ಹ. ನೀತಾ ಲುಲ್ಲಾ ಅವರ ವಸ್ತ್ರವಿನ್ಯಾಸದೊಡನೆ ಮೇಳವಿಸಿದ ಆ ರಜಪೂತ ಮತ್ತು ಮೊಗಲ್ ಶೈಲಿಯ ಕಂಠಾಭರಣಗಳು, ಬೈತಲೆಯ ಒಡವೆಗಳು ಪರದೆಯಿಂದಿಳಿದು ದೇಶದ ಮದುವೆಯ ಚಪ್ಪರಗಳಿಗೆ ಬಂದವು. ದಕ್ಷಿಣದ ವಧುಗಳೂ ಆ ಮಾದರಿಗಳನ್ನು ಕೇಳಿ ಕೊಳ್ಳತೊಡಗಿದರು. ಇದಕ್ಕೆ ಹೋಲಿಸಿದರೆ, ಟೈಟಾನಿನ ಇನ್ನೊಂದು ಆಭರಣ ಶಾಖೆಯಾಗಿದ್ದ ಗೋಲ್ಡ್‌ಪ್ಲಸ್ 2011ರಲ್ಲಿ 80 ಕಿಲೋಗ್ರಾಂ ಚಿನ್ನವನ್ನೂ 15 ಕಿಲೋಗ್ರಾಂ ಬೆಳ್ಳಿಯನ್ನೂ ಬಳಸಿ ಹೊದಿಸಿದ ನ್ಯಾನೋ ಕಾರು ಕುಶಲಕರ್ಮದ ಪ್ರದರ್ಶನವಾಗಿ ಬೆರಗು ಹುಟ್ಟಿಸಿತೇ ಹೊರತು, ಜನರ ಅಭಿರುಚಿಯ ಮೇಲೆ ಅಂತಹ ಅಚ್ಚನ್ನು ಒತ್ತಲಿಲ್ಲ.

ಕರ್ಮಿಗಳು: ವಿನ್ಯಾಸಕಾರನ ಹೆಸರು ಲೋಕಕ್ಕೆ ತಿಳಿಯುವಷ್ಟು ಸುಲಭವಾಗಿ ಆ ವಿನ್ಯಾಸವನ್ನು ಸಾಕಾರಗೊಳಿಸಿದ ಕೈಯ ಹೆಸರು ತಿಳಿಯುವುದಿಲ್ಲ. ಟೈಟಾನ್ ಕಾರ್ಖಾನೆಯು ಪ್ರಾರಂಭದಲ್ಲಿ ಧರ್ಮಪುರಿ ಮುಂತಾದ ಜಿಲ್ಲೆಗಳ ಹಳ್ಳಿಗಳಿಂದ, ಆಗತಾನೆ ಶಾಲೆ ಮುಗಿಸಿದ ಬಾಲಕಬಾಲಕಿಯರನ್ನು ಆರಿಸಿ ತಂದು, ಗಡಿಯಾರವನ್ನೇ ಕಟ್ಟಿ ಅರಿಯದಿದ್ದ ಅವರಿಗೆ ಅದರ ಅಂಗಾಂಗಗಳನ್ನು ಜೋಡಿಸುವ ಸೂಕ್ಷ್ಮವಿದ್ಯೆಯನ್ನು ಕಲಿಸಿತು; ಊರು ಬಿಟ್ಟು ಬಂದ ಆ ಎಳೆಯರ ಯೋಗಕ್ಷೇಮಕ್ಕಾಗಿ ಪೋಷಕ ದಂಪತಿಗಳನ್ನೂ ಗೊತ್ತುಮಾಡಿತ್ತು. ಅಂಗವಿಕಲರಿಗೂ ಇಲ್ಲಿ ಕೆಲಸ ದೊರೆಯಿತು. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ಪ್ರೋತ್ಸಾಹದಿಂದ 1990ರ ದಶಕದಲ್ಲಿ ಹುಟ್ಟಿದ 'ಮೀಡೋ' ಎಂಬ ಸಂಘಟನೆಯ ಮೂಲಕ ಸುತ್ತಲಿನ ಗ್ರಾಮಗಳ ಸ್ತ್ರೀಯರು ಗಡಿಯಾರದ ಲೋಹದ ಚೈನುಗಳನ್ನು ಕೊಂಡಿಗೆ ಕೊಂಡಿ ಸೇರಿಸಿ ಸಿದ್ಧಪಡಿಸುವ ಕೆಲಸವನ್ನು ವಹಿಸಿಕೊಂಡು, ತಮ್ಮದೇ ಉದ್ಯಮದ ಒಡತಿಯರಾದರು. ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡಿ, ಶಾಲೆಯಲ್ಲಿ ತಮಿಳು ಓದಿದ ಈ ಸೀಮೆಯ ಹೆಣ್ಣುಮಕ್ಕಳ ಬೆರಳಿನ ನಿಶ್ಚಲತೆಯಿಲ್ಲದೆ ನಕ್ಷೆಯ ಹಾಳೆಯ ಮೇಲಿನ ಯಾವ ರೇಖೆಯೂ ಮಣಿಕಟ್ಟನ್ನು ಮುಟ್ಟುತ್ತಿರಲಿಲ್ಲ. ಭಾರತೀಯ ವಿನ್ಯಾಸದ ಇತಿಹಾಸವನ್ನು ಬರೆಯುವವರು ಈ ಅಧ್ಯಾಯಕ್ಕೆ ಈಗ ಕೊಟ್ಟಿರುವುದಕ್ಕಿಂತ ಹೆಚ್ಚಿನ ಪುಟಗಳನ್ನು ಕೊಡಬೇಕಾಗಿದೆ.

ಇತರ ಕೃತಿಗಳು: 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ, ಬ್ರಿಟನ್ನಿನ ರಾಣಿಯ ಸಂದೇಶವನ್ನು ಹೊತ್ತೊಯ್ಯುವ 'ರಾಣಿಯ ದಂಡ'ವನ್ನು ರೂಪಿಸಿದವರು, ಹಿಂದೆ ಟೈಟಾನ್ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದು ಆಮೇಲೆ ಬೆಂಗಳೂರಿನಲ್ಲಿ ಸ್ವಂತ ವಿನ್ಯಾಸಶಾಲೆಯನ್ನು ತೆರೆದ ಮೈಕೆಲ್ ಫೋಲಿ. ನಿರ್ಮಾಣದಲ್ಲಿ ಟೈಟಾನ್ ಮತ್ತು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕೈಗೂಡಿಸಿದ್ದುವು. ಅಲ್ಯುಮಿನಿಯಮ್ಮಿನ ತಿರುಚಿದ ಸುರುಳಿಯ ಮೇಲೆ ಭಾರತದ ಎಲ್ಲ ಪ್ರಾಂತಗಳಿಂದ ತಂದ ಬಣ್ಣಬಣ್ಣದ ಮಣ್ಣನ್ನು ಲೇಪಿಸಿದ, 664 ಮಿಲಿಮೀಟರು ಎತ್ತರದ ಆ ದಂಡದಲ್ಲಿ ರಾಣಿಯ ಸಂದೇಶವನ್ನು 18 ಕ್ಯಾರೆಟ್ ಚಿನ್ನದ ಎಲೆಯ ಮೇಲೆ ಕೆತ್ತಿ ಇರಿಸಲಾಗಿತ್ತು. 1993ರಲ್ಲಿ ಟೈಟಾನ್ ಇಂಡಸ್ಟ್ರೀಸ್ ಎಂದೂ, 2013ರಲ್ಲಿ ಟೈಟಾನ್ ಕಂಪನಿ ಎಂದೂ ಹೆಸರು ಬದಲಿಸಿಕೊಂಡ ಸಂಸ್ಥೆಯು, 2017ರಲ್ಲಿ ಬೆಂಗಳೂರಿನಲ್ಲಿ 'ತನೈರಾ' ಎಂಬ ಸೀರೆಯ ಮಳಿಗೆಯನ್ನು ತೆರೆದು ನೇಕಾರರ ಮಗ್ಗದ ಕಡೆಗೂ ದೃಷ್ಟಿ ಹೊರಳಿಸಿದೆ.

ಇತ್ತೀಚಿನ ವರ್ಷಗಳಲ್ಲಿ ಹೊಸೂರು, ತಾನೇ ಒಮ್ಮೆ ಬದಿಗಿರಿಸಿದ್ದ ಕೀ ಕೊಡುವ ಯಂತ್ರಕ್ಕೆ ಮರಳಿದೆ. ಸಂಸ್ಥೆಗೆ 40 ವರ್ಷ ತುಂಬಿದ ನೆನಪಿಗೆ ಕೇವಲ 10 ಪ್ರತಿಗಳಾಗಿ ಹೊರತಂದ 'ನೆಬ್ಯುಲಾ ಜಲ್ಸಾ' ಗಡಿಯಾರದಲ್ಲಿ, ಗುರುತ್ವಾಕರ್ಷಣದಿಂದುಂಟಾಗುವ ವ್ಯತ್ಯಾಸವನ್ನು ಸರಿದೂಗಿಸಲು ತೂಗುಚಕ್ರವನ್ನೇ ಒಂದು ಪಂಜರದಲ್ಲಿಟ್ಟು ಸುತ್ತಿಸುವ ಟೂರ್ಬಿಯಾನ್ ಎಂಬ ಕಷ್ಟಸಾಧ್ಯವಾದ ಉಪಾಯವನ್ನು ಸ್ವಂತವಾಗಿ ನಿರ್ಮಿಸಿ ಅಳವಡಿಸಲಾಯಿತು. ಅದರ ಡಯಲಿನ ಮೇಲೆ ಜಯಪುರದ ಚಿತ್ರಕಾರ ಶಾಕಿರ್ ಅಲಿಯವರು ಹವಾಮಹಲಿನ ಸೂಕ್ಷ್ಮಚಿತ್ರವನ್ನು ಬರೆದಿದ್ದಾರೆ. ಯಂತ್ರವನ್ನು ತಾನೇ ಮಾಡಬಲ್ಲೆನೆಂಬ ಧೈರ್ಯ ಬಂದಿರುವ ಹೊಸೂರಿಗೆ, ಚಿತ್ರಕ್ಕಾಗಿ ಜಯಪುರದವರೆಗೆ ಹೋಗಬೇಕಾದ ಅನಿವಾರ್ಯತೆಯೇನೂ ಇಲ್ಲ: ಚಂದ್ರಚೂಡೇಶ್ವರನ ಬೆಟ್ಟ, ಕೃಷ್ಣಗಿರಿಯ ಬಂಡೆಯ ಮೇಲಿನ ಕೋಟೆ, ಸುತ್ತಲ ಹೊಲಗಳಲ್ಲಿ ನಿಂತಿರುವ ವೀರಗಲ್ಲುಗಳು ಕಾರ್ಖಾನೆಯ ನೆರೆಯಲ್ಲಿಯೇ ಇವೆ.