ಸಂಖ್ಯಾತ್ಮಕ ಲೈಬ್ರರಿಗಳ ಪೋರ್ಟಿಂಗ್

ಒಂದು ಬಗೆಯ ಗಣಕಯಂತ್ರಕ್ಕಾಗಿ ಇತರರು ರಚಿಸಿದ ಗಣಿತ ತಂತ್ರಾಂಶವನ್ನು ಬೇರೊಂದು ಬಗೆಯ ಗಣಕದಲ್ಲಿ ಕಂಪೈಲ್ ಮಾಡಿ ಬಳಕೆಗೆ ಒಗ್ಗಿಸುವ ಕಾರ್ಯವನ್ನು ಪೋರ್ಟಿಂಗ್ ಎನ್ನುತ್ತಾರೆ. 1979ರಲ್ಲಿ ಪ್ರಕಟವಾದ ಬ್ಲಾಸ್ ಹಾಗೂ 1992ರಲ್ಲಿ ಬಿಡುಗಡೆಯಾದ ಲ್ಯಾಪ್ಯಾಕ್ ಇಂತಹ ಪ್ರಸಿದ್ಧ ಲೈಬ್ರರಿಗಳು. ಮಾತೃಕೆಗಳ ಲೆಕ್ಕಾಚಾರ ನಡೆಸುವ ಇವುಗಳ ಮೂಲ ಆವೃತ್ತಿ ಫೋರ್ಟ್ರಾನ್ ಭಾಷೆಯಲ್ಲಿದೆ.

ತೊಡಕುಗಳು

ಅನೇಕ ಫೋರ್ಟ್ರಾನ್ ಕಂಪೈಲರ್‌ಗಳು ಸಬ್‌ರೂಟೀನಿನ ಹೆಸರಿನ ಕೊನೆಗೆ ಅಡಿಗೆರೆಯೊಂದನ್ನು ಸೇರಿಸುತ್ತವೆ. ಸಿ ಭಾಷೆಯ ಪ್ರೋಗ್ರಾಂ ಆ ಹೆಸರನ್ನು ಕಾಣದಿದ್ದರೆ ಜೋಡಣೆ ವಿಫಲವಾಗುತ್ತದೆ. ಈ ದೋಷ ಕೂಡಲೇ ಗೋಚರಿಸುತ್ತದೆ. ಆದರೆ ಫೋರ್ಟ್ರಾನ್ ಮಾತೃಕೆಯನ್ನು ಕಂಬಸಾಲುಗಳ ಕ್ರಮದಲ್ಲಿಯೂ ಸಿ ಅಡ್ಡಸಾಲುಗಳ ಕ್ರಮದಲ್ಲಿಯೂ ಇರಿಸುತ್ತವೆ. ಇದನ್ನು ಗಮನಿಸದಿದ್ದರೆ ಪ್ರೋಗ್ರಾಂ ನಿಲ್ಲದೆಯೇ ತಪ್ಪು ಉತ್ತರ ನೀಡಬಹುದು.

ಕರ್ನಾಟಕದ ನಿದರ್ಶನ

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ನಿರ್ಮಿಸಿತು. ದೆಹಲಿಯ ಕ್ರೇ ಎಕ್ಸ್-ಎಂಪಿ ಗಣಕದಲ್ಲಿ ನಡೆಯುತ್ತಿದ್ದ ಟಿ-80 ಹವಾಮಾನ ಮಾದರಿಯನ್ನು ಮುಂದೆ ಇಂಟೆಲ್ ಐ860 ಪ್ರೊಸೆಸರ್‌ಗಳಿದ್ದ ಫ್ಲೋಸಾಲ್ವರ್ ಆವೃತ್ತಿಗೆ ಒಗ್ಗಿಸಲಾಯಿತು. ಕ್ರೇ ಗಣಕದ 64 ಬಿಟ್‌ಗಳ ಸಂಖ್ಯೆಯಲ್ಲಿ ನಿಖರತೆಗೆ ಮೀಸಲಾದವು 48 ಬಿಟ್‌ಗಳು. ಐ860 ಅನುಸರಿಸುವ ಐಇಇಇ 754 ಮಾನಕದಲ್ಲಿ ಅದು 53. ಆದುದರಿಂದ ಎರಡು ಯಂತ್ರಗಳ ಉತ್ತರಗಳು ಕೊನೆಯ ಅಂಕಿಯವರೆಗೂ ತಾಳೆಯಾಗುತ್ತವೆಂದು ನಿರೀಕ್ಷಿಸಲಾಗದು.

ಪರೀಕ್ಷೆ

1961ರಲ್ಲಿ ಎಡ್ವರ್ಡ್ ಲೊರೆಂಜ್ ಅವರು 0.506127ರ ಬದಲಿಗೆ 0.506 ಎಂದು ನೀಡಿದಾಗ ಹವಾಮಾನದ ಗಣನೆ ಕ್ರಮೇಣ ಬೇರೆಯೇ ದಾರಿ ಹಿಡಿಯಿತು. ಹೀಗಾಗಿ ಕಂಪೈಲ್ ಆದ ಮಾತ್ರಕ್ಕೆ ಕಾರ್ಯ ಮುಗಿಯದು. ಲ್ಯಾಪ್ಯಾಕ್ ಜೊತೆಗೇ ಪರೀಕ್ಷಾ ಪ್ರೋಗ್ರಾಂಗಳಿವೆ. ಉತ್ತರದ ವ್ಯತ್ಯಾಸವು ನಿಗದಿತ ಮಿತಿಯೊಳಗಿದೆಯೇ ಎಂಬುದನ್ನು ಅವು ಪರಿಶೀಲಿಸುತ್ತವೆ. ಮಳೆಯ ಮುನ್ಸೂಚನೆಯನ್ನು ನಂಬಿ ಬಿತ್ತನೆ ನಡೆಯುವ ನಾಡಿನಲ್ಲಿ ಈ ಪರಿಶೀಲನೆ ಅನಿವಾರ್ಯ.