ಲಿನಕ್ಸ್ ಗಣಕಯಂತ್ರಗಳಲ್ಲಿ ಸಹಿಯಿಲ್ಲದ ತಂತ್ರಾಂಶ ಭಂಡಾರಗಳು: ಅರ್ಜಿದಾರರಿಗೆ ಮಾಹಿತಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ನಾಗರಿಕರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮುಂತಾದ ಸೇವೆಗಳನ್ನು ಸ್ವಂತ ಗಣಕಯಂತ್ರದಿಂದಲೇ ಅಂತರ್ಜಾಲದ ಮೂಲಕ ಕೋರಬಹುದಾಗಿದೆ. ಉಬುಂಟು, ಡೆಬಿಯನ್ ಅಥವಾ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸ್ ಬಳಸುವವರಿಗೆ ಕನ್ನಡ ಅಕ್ಷರಶೈಲಿ ಅಥವಾ ಪ್ರಿಂಟರ್ ತಂತ್ರಾಂಶ ಅಳವಡಿಸುವಾಗ, ರೆಪಾಸಿಟರಿ ಎಂದು ಕರೆಯಲಾಗುವ ತಂತ್ರಾಂಶ ಭಂಡಾರಕ್ಕೆ ಸಹಿ ಇಲ್ಲವೆಂಬ ಸೂಚನೆ ಕಾಣಿಸಬಹುದು. ಇದನ್ನು ಯಂತ್ರದ ದೋಷವೆಂದು ಭಾವಿಸಬಾರದು.

ನಾಡಕಚೇರಿಯ ಪ್ರಮಾಣಪತ್ರಕ್ಕೆ ಡಿಜಿಟಲ್ ಸಹಿ ಇರುವಂತೆ ಭಂಡಾರಕ್ಕೂ ಅದರ ಪ್ರಕಾಶಕರ ಸಹಿ ಇರುತ್ತದೆ. ಇದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಅಡಿಯಲ್ಲಿ ಪರವಾನಗಿ ಪಡೆದ ಪ್ರಾಧಿಕಾರದ ಸಹಿಯಲ್ಲ, ಪ್ರಕಾಶಕರ ಸ್ವಂತ ಕೀಲಿಯಿಂದ ಮಾಡಿದ್ದು. ಡೆಬಿಯನ್ ಮಾದರಿಯಲ್ಲಿ ರಿಲೀಸ್ ಎಂಬ ಒಂದೇ ಕಡತಕ್ಕೆ ಸಹಿ ಮಾಡಲಾಗುತ್ತದೆ. ಅದರಲ್ಲಿ ಪ್ಯಾಕೇಜ್ ಪಟ್ಟಿಗಳ ತಾಳೆಸಂಖ್ಯೆಗಳೂ, ಪಟ್ಟಿಗಳಲ್ಲಿ ಪ್ರತಿ ಪ್ಯಾಕೇಜಿನ ತಾಳೆಸಂಖ್ಯೆಯೂ ಇರುವುದರಿಂದ ಯಾವ ಕಡತವನ್ನು ತಿದ್ದಿದರೂ ಪತ್ತೆಯಾಗುತ್ತದೆ. ಎಚ್‌ಟಿಟಿಪಿಎಸ್ ಸಂಪರ್ಕವು ದಾರಿಯನ್ನಷ್ಟೇ ಕಾಯುತ್ತದೆ. ಸರ್ವರ್‌ನಲ್ಲಿಯೇ ಕಡತ ಬದಲಾದರೆ ಅದು ಉಪಯೋಗಕ್ಕೆ ಬಾರದು. ಪ್ಯಾಕೇಜ್ ಅಳವಡಿಕೆಯು ರೂಟ್ ಅಧಿಕಾರದಲ್ಲಿ ನಡೆಯುವ ಕಾರಣ, ಯಂತ್ರದಲ್ಲಿ ಇರಿಸಿದ ಆಧಾರ್ ಪ್ರತಿ, ಪಹಣಿ, ಬ್ಯಾಂಕ್ ಗುಪ್ತಪದ ಎಲ್ಲವೂ ಅದರ ಕೈಗೆ ಸಿಗುತ್ತವೆ.

ಸಹಿಯೊಂದೇ ಪೂರ್ಣ ರಕ್ಷಣೆಯೂ ಅಲ್ಲ. 2008ರ ಆಗಸ್ಟ್‌ನಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ಸರ್ವರ್ ಪ್ರವೇಶಿಸಿದವರು ಕೆಲವು ಓಪನ್‌ಎಸ್‌ಎಸ್‌ಎಚ್ ಪ್ಯಾಕೇಜ್‌ಗಳಿಗೆ ಸಹಿ ಮಾಡಿಕೊಂಡಿದ್ದರು. ಫೆಡೋರಾ ಯೋಜನೆ ತನ್ನ ಕೀಲಿಯನ್ನೇ ಬದಲಿಸಿತು.

ಮೊದಲು ಸೂಚನೆಯನ್ನು ಪೂರ್ಣವಾಗಿ ಓದತಕ್ಕದ್ದು. ಕೀಲಿ ಇಲ್ಲ ಅಥವಾ ಅವಧಿ ಮೀರಿದೆ ಎಂದಿದ್ದಲ್ಲಿ ಪ್ರಕಾಶಕರ ಅಧಿಕೃತ ತಾಣದಿಂದ ಹೊಸ ಕೀಲಿ ಪಡೆಯಬಹುದು. ಕಡತ ಇನ್ನೂ ಮಾನ್ಯವಾಗಿಲ್ಲವೆಂದಿದ್ದಲ್ಲಿ ಯಂತ್ರದ ದಿನಾಂಕ ನೋಡಬೇಕು. ಹಳೆಯ ಯಂತ್ರಗಳಲ್ಲಿ ಒಳಗಿನ ಬ್ಯಾಟರಿ ಮುಗಿದು ದಿನಾಂಕ ಹಿಂದೆ ಬೀಳುವುದುಂಟು. ಸಹಿಯೇ ಇಲ್ಲವೆಂದಿದ್ದಲ್ಲಿ ಯಾವ ಕೀಲಿಯೂ ನೆರವಾಗದು. ಆ ಭಂಡಾರವನ್ನು ಕೈಬಿಡುವುದು ಸೂಕ್ತ.

ಕನ್ನಡದ ಅಗತ್ಯಗಳಿಗೆ ಹೊರಗಿನ ಭಂಡಾರ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಡೆಬಿಯನ್‌ನ ಸಹಿಸಹಿತ ಭಂಡಾರದಲ್ಲಿಯೇ ಗುಬ್ಬಿ, ನವಿಲು ಮತ್ತು ಲೋಹಿತ್ ಅಕ್ಷರಶೈಲಿಗಳು ಲಭ್ಯವಿದ್ದು, ಐಬಸ್-ಎಂ17ಎನ್ ಮೂಲಕ ಕಗಪ ಕೀಲಿಮಣೆ ವಿನ್ಯಾಸವೂ ದೊರೆಯುತ್ತದೆ.

ಸಹಿಯುಳ್ಳ ಹೊರಗಿನ ಭಂಡಾರ ಅನಿವಾರ್ಯವಾದಲ್ಲಿ, ಕೀಲಿಯ ಫಿಂಗರ್‌ಪ್ರಿಂಟ್ ಸಂಖ್ಯೆಯನ್ನು ಬೇರೊಂದು ಮೂಲದೊಡನೆ ತಾಳೆ ನೋಡಿ, 'ಸೈನ್ಡ್-ಬೈ' ಆಯ್ಕೆಯಿಂದ ಕೀಲಿಯನ್ನು ಆ ಭಂಡಾರಕ್ಕೆ ಮಾತ್ರ ಸೀಮಿತಗೊಳಿಸತಕ್ಕದ್ದು. 'ಟ್ರಸ್ಟೆಡ್=ಯೆಸ್' ಅಥವಾ 'ಜಿಪಿಜಿಚೆಕ್=0' ಎಂದು ಬರೆದು ತಪಾಸಣೆಯನ್ನೇ ನಿಲ್ಲಿಸಬಾರದು. ಈಗಾಗಲೇ ಹಾಗೆ ಬರೆದಿದ್ದಲ್ಲಿ ಆ ಸಾಲನ್ನು ಅಳಿಸಿದರೂ ಅಳವಡಿಸಿದ ಪ್ಯಾಕೇಜ್ ಯಂತ್ರದಲ್ಲಿ ಉಳಿದಿರುತ್ತದೆ. ಅಂತಹ ಯಂತ್ರದಲ್ಲಿ ಕಾರ್ಯಾಚರಣಾ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸುವವರೆಗೆ ಅರ್ಜಿಯನ್ನು ನಾಡಕಚೇರಿಯಲ್ಲಿ ಖುದ್ದಾಗಿ ಸಲ್ಲಿಸಲು ಕೋರಲಾಗಿದೆ.